ಹರಾಜಿನಲ್ಲಿ ನಮ್ಮವರು

ಹರಾಜೆಂಬ ಮಾತು ನಮ್ಮ ಹಿರಿಯರ ಕಿವಿಗೆ ಒಳ್ಳೆಯ ಮಾತಾಗಿರಲಿಲ್ಲ. ಸಾಲ ತೀರಿಸಲಾರದವನ ಮನೆಯ ಕೊಪ್ಪರಿಗೆ ಬೀದಿಗೆ ಬಂದಾಗ, ಕಂದಾಯ ಕಟ್ಟದವನ ಎತ್ತು ಚಾವಡಿಯ ಮುಂದೆ ತಲೆತಗ್ಗಿಸಿ ನಿಂತಾಗ ಕೇಳಿಬರುತ್ತಿದ್ದ ಮಾತು ಅದು. ದೇವಸ್ಥಾನದ ಹುಣಿಸೆಮರದ ಫಸಲನ್ನೋ ಕೆರೆಯ ಮೀನನ್ನೋ ಕೂಗಿ ಕೊಡುವಾಗ ಮಾತ್ರ ಅದಕ್ಕೆ ಅಷ್ಟಿಷ್ಟು ಮರ್ಯಾದೆಯಿತ್ತು. ಈಗ ಕಾಲ ಬದಲಾಗಿದೆ. ಮನುಷ್ಯನೇ ಹರಾಜಿಗೆ ನಿಲ್ಲುತ್ತಾನೆ. ಅವನ ತಾಯಿ ಟೆಲಿವಿಷನ್ನಿನ ಮುಂದೆ ಕುಳಿತು, ಮಗ ಬಿಕರಿಯಾಗಲಪ್ಪಾ ಎಂದು ಮನೆದೇವರಿಗೆ ಹರಕೆ ಹೊರುತ್ತಾಳೆ. ಬಿಕರಿಯಾಗದೆ ಉಳಿದವನ ಮನೆಯಲ್ಲಿ ಆ ರಾತ್ರಿ ಯಾರಿಗೂ ಊಟ ರುಚಿಸುವುದಿಲ್ಲ.

ನಾವು ಹೇಳಹೊರಟಿರುವುದು ಐ.ಪಿ.ಎಲ್. ಎಂಬ ಕ್ರಿಕೆಟ್ ಪಂದ್ಯಾವಳಿಗಾಗಿ ನಡೆಯುವ ಆಟಗಾರರ ಹರಾಜಿನ ವಿಚಾರ. ಆಟದ ಸೊಗಸನ್ನು ಬಣ್ಣಿಸಬಲ್ಲವರು ಬೇರೆ ಇದ್ದಾರೆ. ಆ ಕೆಲಸಕ್ಕೆ ನಾವು ಕೈಹಾಕುವುದಿಲ್ಲ. ಹರಾಜು ಮುಗಿದ ಮೇಲೆ, ಯಾರನ್ನು ಕೊಂಡದ್ದು ಸರಿ, ಯಾರನ್ನು ಬಿಟ್ಟದ್ದು ತಪ್ಪು ಎಂದು ಬೀದಿಬೀದಿಯಲ್ಲಿ ಅಭಿಮಾನಿಗಳು ಹೂಡುವ ವಾಗ್ವಾದವಿದೆಯಲ್ಲ, ಅದರ ರುಚಿ ನಮಗೆ ಹತ್ತಿದೆ. ಹರಾಜಿನ ಕೋಟಿಗಳಲ್ಲಿ ಒಂದು ಕಾಸೂ ಬರದವರು, ಕೊಳ್ಳುವವರ ಕಿವಿಗೆ ತಮ್ಮ ಮಾತು ಎಂದೆಂದೂ ಬೀಳದೆಂದು ಬಲ್ಲವರು, ಅಷ್ಟೊಂದು ಬಿಸಿರಕ್ತದಿಂದ ವಾದಿಸುವುದೇಕೆ ಎಂಬ ಕುತೂಹಲವೂ ಇದೆ.

ನಮ್ಮ ವಾಸ ಕೊಯಮತ್ತೂರಿನ ಗಣಪತಿಯಲ್ಲಿ. ಊರಿನ ಹೆಸರೇ ಗಣಪತಿಯಾದುದರಿಂದ ವಿಘ್ನಗಳಿಗೆ ಇಲ್ಲಿ ಎಡೆಯಿರಬಾರದು. ಆದರೂ ಸಂಜೆ ಆರು ಗಂಟೆಗೆ ಸತ್ಯಮಂಗಲದ ರಸ್ತೆಯನ್ನು ದಾಟಬೇಕಾದವರಿಗೆ ವಿಘ್ನವೆಂದರೇನೆಂಬುದು ಚೆನ್ನಾಗಿ ತಿಳಿದಿದೆ. ಈ ರಸ್ತೆಯೇ ಅನ್ನೂರು ಸತ್ಯಮಂಗಲಗಳನ್ನು ಹಾಯ್ದು, ದಿಂಬಂ ಘಾಟಿಯನ್ನೇರಿ, ಚಾಮರಾಜನಗರಕ್ಕೆ ಹೋಗಿ ಮುಟ್ಟುತ್ತದೆ. ಕೆಲವು ತಲೆಮಾರುಗಳ ಹಿಂದೆ ಮಗ್ಗವನ್ನು ಹೊತ್ತುಕೊಂಡು ಕನ್ನಡನಾಡಿನಿಂದ ಇಳಿದು ಬಂದ ದೇವಾಂಗರು ಈ ಸೀಮೆಯಲ್ಲಿ ಬೇರೂರಿದ್ದಾರೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಪೂಜೆಗೆ ಚೌಡೇಶ್ವರಿ. ಅವರ ಮೊಮ್ಮಕ್ಕಳಲ್ಲಿ ಹಲವರು ಇಂದು ಮಗ್ಗವನ್ನು ಬಿಟ್ಟು ಲೇತ್ ಯಂತ್ರದ ಮುಂದೆ ನಿಂತಿದ್ದಾರೆ. ಗಣಪತಿಯ ಓಣಿಗಳಲ್ಲಿ ಕಬ್ಬಿಣ ಕೊರೆಯುವ ಸದ್ದು ಕೇಳಿಸದ ಹಗಲಿಲ್ಲ. ಇವರಲ್ಲದೆ ಇತ್ತೀಚೆಗೆ ಬಂದ ಕನ್ನಡಿಗರೂ ಉಂಟು. ಅವರಲ್ಲಿ ಮುಖ್ಯರಾದವರು ಬೇಕರಿಯವರು. ತಮಿಳುನಾಡಿನ ಯಾವ ಪಟ್ಟಣಕ್ಕೆ ಹೋದರೂ ‘ಬೆಂಗಳೂರು ಅಯ್ಯಂಗಾರ್ ಬೇಕರಿ’ ಎಂಬ ಫಲಕ ಕಾಣುತ್ತದೆ. ಒಳಗೆ ಹೋಗಿ ವಿಚಾರಿಸಿದರೆ ಮಾಲೀಕರು ಅನೇಕ ವೇಳೆ ಬೆಂಗಳೂರಿನವರೂ ಅಲ್ಲ, ಅಯ್ಯಂಗಾರರೂ ಅಲ್ಲ, ಹಾಸನದ ಕಡೆಯ ಗೌಡರು. ನಮ್ಮ ಬೀದಿಯ ಬೇಕರಿಯೂ ಇದಕ್ಕೆ ಹೊರತಲ್ಲ.

ಸಂಜೆಯ ಚಹಾಕ್ಕೆ ಅಲ್ಲಿ ಸೇರುವ ಮಂಡಲಿಯಲ್ಲಿ ಬೇಕರಿಯ ಗೌಡರು ಅಧ್ಯಕ್ಷರು. ಅಳೆದು ಮಾತನಾಡುವ ಲೇತಿನ ತರುಣರೊಬ್ಬರಿದ್ದಾರೆ. ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗದ ಲೆಕ್ಕದಲ್ಲಿ ದಿನಗಳೆಯುವವರಿಗೆ ಮಾತಿನಲ್ಲಿಯೂ ಆ ಶಿಸ್ತು ಬರುತ್ತದೆಯೋ ಏನೋ. ಮದರಾಸಿನ ತಂಡವನ್ನು ಕುಲದೈವದಂತೆ ಕಾಣುವ ತಮಿಳು ಗೆಳೆಯರೊಬ್ಬರು ನಿತ್ಯದ ವಿರೋಧ ಪಕ್ಷ. ಮೂಲೆಯ ಸ್ಟೂಲಿನ ಮೇಲೆ ಎಪ್ಪತ್ತು ದಾಟಿದ ಹಿರಿಯ ನೇಕಾರರೊಬ್ಬರು. ಅವರನ್ನು ಎಲ್ಲರೂ ದೊಡ್ಡಪ್ಪ ಎನ್ನುತ್ತಾರೆ. ಕ್ರಿಕೆಟ್ಟಿನ ಗಂಧ ಅವರಿಗಿಲ್ಲ. ಆದರೆ ದುಡಿಮೆಯ ವಿಚಾರ ಬಂದಾಗ ಕಿವಿ ನಿಮಿರುತ್ತದೆ. ಕೊನೆಯದಾಗಿ, ಖಾರಾ ಬನ್ನಿನ ಆಸೆಗೆ ಬರುವ ನಾವು. ಮೇಷ್ಟ್ರಾದುದರಿಂದ ಲೆಕ್ಕಪತ್ರದ ಹೊಣೆ ನಮ್ಮ ತಲೆಗೆ ಕಟ್ಟಿದೆ.

ಆ ವರ್ಷದ ದೊಡ್ಡ ಹರಾಜು 2024ರ ನವೆಂಬರ್ 24 ಮತ್ತು 25ರಂದು, ಸೌದಿ ಅರೇಬಿಯದ ಜೆಡ್ಡಾ ನಗರದಲ್ಲಿ ನಡೆಯಿತು. ಹತ್ತು ತಂಡಗಳು, ಎರಡು ದಿನ, 182 ಆಟಗಾರರ ಮಾರಾಟ, 639 ಕೋಟಿಗೂ ಮಿಗಿಲಾದ ಹಣ. ರಿಷಭ್ ಪಂತನಿಗೆ ಲಖನೌದವರು 27 ಕೋಟಿ ಕೊಟ್ಟರು; ಬಿಹಾರದ ಹದಿಮೂರು ವರ್ಷದ ಹುಡುಗ ವೈಭವ ಸೂರ್ಯವಂಶಿಗೆ ರಾಜಸ್ಥಾನದವರು 1 ಕೋಟಿ 10 ಲಕ್ಷ ಕೊಟ್ಟರು. ಎಂಟನೆಯ ತರಗತಿಯ ವಯಸ್ಸಿನ ಹುಡುಗ! ಮರುದಿನ ನಮ್ಮ ಶಾಲೆಯ ಹುಡುಗರಾರೂ ಗುಣಾಕಾರದ ಕಡೆ ಕಣ್ಣೆತ್ತಿ ನೋಡಲಿಲ್ಲ. (ಆಟಗಾರರನ್ನು ಏಕವಚನದಲ್ಲಿ ಕರೆಯುವುದು ಅಭಿಮಾನಿಗಳ ಹಕ್ಕು, ವಾಚಕರು ಅಗೌರವವೆಂದು ತಿಳಿಯಬಾರದು.)

ಹರಾಜಿನ ಕಟ್ಟಳೆಯನ್ನು ನಮ್ಮ ವಿದ್ಯಾರ್ಥಿಗಳಿಗಾಗಿ ಸ್ವಲ್ಪ ಬಿಡಿಸಿ ಹೇಳಬೇಕು. ಆ ಹರಾಜಿನಲ್ಲಿ ಪ್ರತಿಯೊಂದು ತಂಡಕ್ಕೂ 120 ಕೋಟಿಯ ಥೈಲಿಯಿತ್ತು. ಅದಕ್ಕೆ ಮೇಲೆ ಒಂದು ರೂಪಾಯಿ ಖರ್ಚುಮಾಡುವಂತಿಲ್ಲ. ಇಪ್ಪತ್ತೈದು ಜನರಿಗಿಂತ ಹೆಚ್ಚು ಸೇರಿಸಿಕೊಳ್ಳುವಂತಿಲ್ಲ. ಹರಾಜಿಗೆ ಮೊದಲು ತನ್ನ ಹಳಬರಲ್ಲಿ ಕೆಲವರನ್ನು ಉಳಿಸಿಕೊಳ್ಳಬಹುದು. ಬೆಂಗಳೂರಿನವರು ಮೂವರನ್ನು ಮಾತ್ರ ಉಳಿಸಿಕೊಂಡರು: ವಿರಾಟ್ ಕೊಹ್ಲಿಗೆ 21 ಕೋಟಿ, ರಜತ್ ಪಾಟೀದಾರನಿಗೆ 11, ಯಶ್ ದಯಾಳನಿಗೆ 5. ಉಳಿದ 83 ಕೋಟಿಯಲ್ಲಿ ಹೊಸ ಮನೆ ಕಟ್ಟಬೇಕು. ಹದಿನೇಳು ವರ್ಷ ಆಡಿ, 2009, 2011, 2016ರಲ್ಲಿ ಅಂತಿಮ ಪಂದ್ಯದ ಬಾಗಿಲವರೆಗೆ ಹೋಗಿ ಬರಿಗೈಯಲ್ಲಿ ಮರಳಿದ ತಂಡ ಅದು. ಹಳೆಯ ಮನೆಯನ್ನು ಕೆಡವುವುದರಲ್ಲಿ ಯಾರಿಗೂ ಆಕ್ಷೇಪವಿರಲಿಲ್ಲ. ಹೊಸದಕ್ಕೆ ಯಾವ ಊರಿನ ಕಲ್ಲು ತರಬೇಕೆಂಬುದರಲ್ಲಿಯೇ ಜಗಳ.

ಆ ಹರಾಜಿಗೆ ಇನ್ನೊಂದು ಕಟ್ಟಳೆಯಿತ್ತು. ಬಿಟ್ಟುಕೊಟ್ಟ ಆಟಗಾರನಿಗೆ ಹರಾಜಿನಲ್ಲಿ ಬೇರೆ ತಂಡ ಬೆಲೆ ಕೂಗಿದಾಗ, ಹಳೆಯ ತಂಡ ‘ಅದೇ ಬೆಲೆಗೆ ನಾವೇ ಇಟ್ಟುಕೊಳ್ಳುತ್ತೇವೆ’ ಎನ್ನಬಹುದಾಗಿತ್ತು. ಆಗ ಹೊಸಬರಿಗೆ ಇನ್ನೊಂದು ಸಲ ಬೆಲೆ ಏರಿಸುವ ಅವಕಾಶ. ಆ ಏರಿದ ಬೆಲೆಯನ್ನೂ ಹಳಬರು ಒಪ್ಪಿದರೆ ಆಟಗಾರ ಹಳೆಯ ಮನೆಗೇ ಹಿಂದಿರುಗುತ್ತಿದ್ದ. ಅಭಿಮಾನಿಗಳು ಇದನ್ನು ಆರ್.ಟಿ.ಎಂ. ಎನ್ನುತ್ತಾರೆ.

ಇದನ್ನು ನಾವು ಬನ್ನು ಕೈಯಲ್ಲಿ ಹಿಡಿದು ಮಂಡಲಿಗೆ ವಿವರಿಸುತ್ತಿದ್ದಾಗ ದೊಡ್ಡಪ್ಪನವರು ಮೂಲೆಯಿಂದ, “ಇದೇನು ಹೊಸದೇ, ಮೇಷ್ಟ್ರೇ? ಮಗ್ಗದ ಮುಂಗಡವಲ್ಲವೇ ಇದು?” ಎಂದರು.

ನೇಕಾರಿಕೆಯ ಕೇರಿಯಲ್ಲಿ ಬೆಳೆದವರಿಗೆ ಹೇಳಬೇಕಾಗಿಲ್ಲ; ಉಳಿದವರಿಗಾಗಿ ಅವರ ಮಾತನ್ನು ಬಿಡಿಸುತ್ತೇವೆ. ನೇಕಾರನು ಮಗ್ಗದ ಯಜಮಾನನ ಬಳಿ ಕೆಲಸಕ್ಕೆ ಸೇರುವಾಗ ಮುಂಗಡವೆಂದು ಒಂದು ಮೊತ್ತವನ್ನು ಪಡೆಯುತ್ತಾನೆ. ಮಗಳ ಮದುವೆಯೋ, ತಂದೆಯ ಔಷಧವೋ, ಅದು ಒಂದೇ ವಾರದಲ್ಲಿ ಕರಗುತ್ತದೆ. ಆ ಹಣ ತೀರುವತನಕ ಅವನು ಬೇರೆ ಮಗ್ಗಕ್ಕೆ ಹೋಗುವಂತಿಲ್ಲ. ಕೈಚಳಕವುಳ್ಳ ನೇಕಾರನ ಮೇಲೆ ಇನ್ನೊಬ್ಬ ಯಜಮಾನನ ಕಣ್ಣು ಬಿದ್ದರೆ, ಅವನು ಹಳೆಯ ಯಜಮಾನನಿಗೆ ಮುಂಗಡವನ್ನು ತೀರಿಸಿ ನೇಕಾರನನ್ನು ತನ್ನ ಮಗ್ಗಕ್ಕೆ ಕರೆದೊಯ್ಯುತ್ತಾನೆ. ಹಳೆಯವನಿಗೆ ಬಿಡಲು ಮನಸ್ಸಿಲ್ಲದಿದ್ದರೆ ಅವನೂ ಮುಂಗಡವನ್ನು ಏರಿಸುತ್ತಾನೆ. ನೇಕಾರನ ಬೆಲೆಯೂ ಏರಿತು, ಸಾಲವೂ ಏರಿತು. ದೊಡ್ಡಪ್ಪನವರು ತಮ್ಮ ಹರೆಯದಲ್ಲಿ ಹೀಗೆ ಮೂರು ಸಲ ಕೈ ಬದಲಾಯಿಸಿದವರು.

“ಅದು ಸರಿ,” ಎಂದು ಅವರು ಮತ್ತೆ ಕೇಳಿದರು. “ಆ ಹುಡುಗನನ್ನು ಯಾರಾದರೂ ಕೇಳುತ್ತಾರೆಯೇ, ನಿನಗೆ ಎಲ್ಲಿಗೆ ಹೋಗಬೇಕೆಂದಿದೆ ಅಂತ?”

ಹರಾಜಿನಲ್ಲಿ ಕೇಳುವುದಿಲ್ಲ. ತಾನೇ ಹೆಸರು ಕೊಟ್ಟು ನಿಂತವನನ್ನು ಕೇಳುವುದೇನಿದೆ? ಆದರೆ ಹರಾಜಿಲ್ಲದ ಕಾಲದಲ್ಲಿ ಎರಡು ತಂಡಗಳು ತಮ್ಮೊಳಗೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವುದುಂಟು. 2009ರಲ್ಲಿ ಬೆಂಗಳೂರಿನವರು ಜಹೀರ್ ಖಾನನನ್ನು ಮುಂಬಯಿಗೆ ಕೊಟ್ಟು ನಮ್ಮ ರಾಬಿನ್ ಉತ್ತಪ್ಪನನ್ನು ತಂದಂತೆ. ಇಂತಹ ವಿನಿಮಯಕ್ಕೆ ಆಟಗಾರನ ಒಪ್ಪಿಗೆ ಬೇಕೆಂಬ ನಿಯಮವಿದೆ. ಆ ಒಪ್ಪಿಗೆಯ ಮಾತು ಬಿಟ್ಟಿಯಾಗಿ ಬಂದದ್ದಲ್ಲವೆಂಬುದನ್ನು ತಿಳಿಯಲು ಅಮೆರಿಕದ ಬೇಸ್‌ಬಾಲ್ ಆಟದ ಕಡೆಗೆ ನೋಡಬೇಕು. ಅಲ್ಲಿ ಬಹುಕಾಲ ಒಮ್ಮೆ ಒಂದು ತಂಡಕ್ಕೆ ಸಹಿ ಹಾಕಿದವನು ಆ ತಂಡದ ಸೊತ್ತು. ಅವರು ಇಟ್ಟುಕೊಂಡರೆ ಇರಬೇಕು, ಕೊಟ್ಟರೆ ಹೋಗಬೇಕು. ಕರ್ಟ್ ಫ್ಲಡ್ ಎಂಬ ಕರಿಯ ಆಟಗಾರ ಸೇಂಟ್ ಲೂಯಿಯ ತಂಡದಲ್ಲಿ ಹನ್ನೆರಡು ವರ್ಷ ದುಡಿದಿದ್ದ. 1969ರಲ್ಲಿ ಅವನನ್ನು ಕೇಳದೆಯೇ ಫಿಲಡೆಲ್ಫಿಯಕ್ಕೆ ಸಾಗಹಾಕಿದರು. ತಾನು ಕೊಂಡು ಮಾರುವ ವಸ್ತುವಲ್ಲವೆಂದು ಅವನು ಕಾಗದ ಬರೆದು, ಹೋಗಲೊಲ್ಲೆನೆಂದು ನ್ಯಾಯಾಲಯ ಹತ್ತಿದ. 1970ರ ಇಡೀ ವರ್ಷ ಆಟವಾಡಲಿಲ್ಲ. 1972ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯದಲ್ಲಿ ಸೋತ. ಮೂರೇ ವರ್ಷದ ಬಳಿಕ, 1975ರಲ್ಲಿ, ಬೇರೆ ಇಬ್ಬರು ಆಟಗಾರರ ವ್ಯಾಜ್ಯದಲ್ಲಿ ಪಂಚಾಯತಿಯ ತೀರ್ಪು ಆಟಗಾರರ ಕಡೆಗಾಯಿತು. ಕರಾರು ಮುಗಿದವನು ತನಗೆ ಬೇಕಾದಲ್ಲಿಗೆ ಹೋಗಬಹುದೆಂದಾಯಿತು. ಫ್ಲಡ್ಡನ ಆಟ ಅಷ್ಟರಲ್ಲಿ ಮುಗಿದಿತ್ತು. ದೊಡ್ಡಪ್ಪನವರು ಈ ಕಥೆಯನ್ನು ಬಾಯಿಬಿಡದೆ ಕೇಳಿ, ಕೊನೆಗೆ, “ಪಾಪ, ಮುಂಗಡವಿಲ್ಲದೆಯೇ ಸಿಕ್ಕಿಬಿದ್ದಿದ್ದನಲ್ಲ,” ಎಂದರು.

ಈಗ ಜಗಳಕ್ಕೆ ಬರೋಣ. ಜೆಡ್ಡಾದಲ್ಲಿ ಕೆ. ಎಲ್. ರಾಹುಲನ ಹೆಸರು ಕೂಗಿದಾಗ ಬೇಕರಿಯಲ್ಲಿ ಚಹಾದ ಲೋಟ ತೊಳೆಯುವವನೂ ಕೈ ನಿಲ್ಲಿಸಿದನು. ಬೆಂಗಳೂರಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬೆಳೆದ ಹುಡುಗ. 2013ರಲ್ಲಿ ಬೆಂಗಳೂರಿನ ಅಂಗಿಯನ್ನೇ ತೊಟ್ಟು ಈ ಪಂದ್ಯಾವಳಿಗೆ ಕಾಲಿಟ್ಟವನು. ಬೆಂಗಳೂರಿನವರು ಕೈಯೆತ್ತಿದರು, ಕೆಲವು ಕೋಟಿ ಏರಿದರು, ಆಮೇಲೆ ಕೈ ಇಳಿಸಿದರು. ದೆಹಲಿಯವರು 14 ಕೋಟಿಗೆ ಕೊಂಡರು. ಏಳು ವರ್ಷ ಬೆಂಗಳೂರಿಗಾಗಿ ಚೆಂಡೆಸೆದ, ಹೈದರಾಬಾದಿನ ಆಟೋ ಚಾಲಕರ ಮಗ ಮೊಹಮ್ಮದ್ ಸಿರಾಜನನ್ನು ಗುಜರಾತಿನವರು 12 ಕೋಟಿ 25 ಲಕ್ಷಕ್ಕೆ ಕೊಂಡಾಗ ಬೆಂಗಳೂರಿನವರು ಆರ್.ಟಿ.ಎಂ. ಎನ್ನಲಿಲ್ಲ. ಎರಡು ದಿನ ಮುಗಿದು ನೋಡಿದರೆ ಪಟ್ಟಿಯಲ್ಲಿ ಕರ್ನಾಟಕದವರು ಇಬ್ಬರು: ಮೊದಲ ಸುತ್ತಿನಲ್ಲಿ ಯಾರೂ ಕೊಳ್ಳದೆ ಉಳಿದು, ಆಮೇಲೆ 2 ಕೋಟಿಗೆ ಬಂದ ದೇವದತ್ತ ಪಡಿಕ್ಕಲ್; 30 ಲಕ್ಷದ ಮನೋಜ್ ಭಾಂಡಗೆ.

ಗೌಡರ ಕೋಪ ನೋಡಬೇಕಾಗಿತ್ತು. “ಅಲ್ಲ ಮೇಷ್ಟ್ರೇ, ಮನೆ ಮಗನ್ನ ಬೀದಿಗೆ ಬಿಟ್ಟು, ಆಚೆ ಬೀದಿಯವನ್ನ ಕರ್ಕಂಡ್ ಬಂದು ಉಣ್ಣಾಕಿಕ್ಕೋದು ಯಾವ ಸೀಮೆ ನ್ಯಾಯ? ಬೋರ್ಡಲ್ಲಿ ಬೆಂಗಳೂರು ಅಂತ ಬರ್ಕಂಡ್ರೆ ಆಯ್ತಾ?” ಎಂದು ಅವರು ಗಲ್ಲಾಪೆಟ್ಟಿಗೆಯನ್ನು ಗುದ್ದಿದರು. ಆ ಫಲಕದ ಮಾತಿಗೆ ಲೇತಿನ ತರುಣರು ಬೇಕರಿಯ ಹೆಸರಿನ ಕಡೆಗೊಮ್ಮೆ ನೋಡಿ ಸುಮ್ಮನಾದರು. ತಂಡವು ಆ ವರ್ಷದ ಮಾರ್ಚಿನಲ್ಲಷ್ಟೇ ತನ್ನ ಹೆಸರಿನ ‘ಬ್ಯಾಂಗಲೋರ್’ ಎಂಬುದನ್ನು ಅಳಿಸಿ ‘ಬೆಂಗಳೂರು’ ಎಂದು ಬರೆದುಕೊಂಡಿತ್ತು. ಗೌಡರ ಸಂಕಟಕ್ಕೆ ಅದೂ ಕಾರಣ. ಹೆಸರು ಕನ್ನಡವಾದ ವರ್ಷವೇ ಕನ್ನಡದ ಹುಡುಗರು ಕಡಿಮೆಯಾದರೆಂದು.

ಲೇತಿನವರ ವಾದ ಬೇರೆ. ಅವರು ಕೊಂಡವರ ಪಟ್ಟಿಯನ್ನು ಕೈಯಲ್ಲಿ ಹಿಡಿದು ಒಂದೊಂದಾಗಿ ತೋರಿಸಿದರು. ಹೇಜಲ್‌ವುಡ್ಡನಿಗೆ 12 ಕೋಟಿ 50 ಲಕ್ಷ, ಭುವನೇಶ್ವರ ಕುಮಾರನಿಗೆ 10 ಕೋಟಿ 75 ಲಕ್ಷ, ಕೃಣಾಲ್ ಪಾಂಡ್ಯನಿಗೆ 5 ಕೋಟಿ 75 ಲಕ್ಷ. ಹದಿನೇಳು ವರ್ಷ ಈ ತಂಡ ಬ್ಯಾಟು ಹಿಡಿಯುವವರ ಮೇಲೆ ಹಣ ಸುರಿದು, ಚೆಂಡೆಸೆಯುವವರ ಪಾಲಿಗೆ ಚಿಲ್ಲರೆ ಉಳಿಸುತ್ತಿತ್ತು. ಈಗ ಮೊದಲ ಬಾರಿಗೆ ಯಂತ್ರದ ಒಂದೊಂದು ಭಾಗಕ್ಕೂ ಅಳತೆ ನೋಡಿ ಕೊಂಡಿದ್ದಾರೆ. “ಅಣ್ಣಾ, ಬೋಲ್ಟು ಯಾವ ಊರಿನದಾದರೇನು, ನಟ್ಟಿಗೆ ಕೂತರೆ ಸಾಕು,” ಎಂದರು ಅವರು. ಮದರಾಸಿನ ಅಭಿಮಾನಿ ಗೆಳೆಯರು ನಗುತ್ತ, ಅಶ್ವಿನನನ್ನು ತಮ್ಮವರು 9 ಕೋಟಿ 75 ಲಕ್ಷಕ್ಕೆ ಊರಿಗೆ ಕರೆತಂದುದನ್ನು ಜ್ಞಾಪಿಸಿ, “ನಮ್ಮಲ್ಲಿ ಕುಟುಂಬವಿದ್ದಂತೆ. ಬಂದವರು ಹೋಗುವುದಿಲ್ಲ,” ಎಂದು ಉಪ್ಪು ಸವರಿದರು. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ನಮ್ಮ ಅಭಿಪ್ರಾಯವನ್ನೂ ಕೇಳಿದರು. ಕೊಳ್ಳುವಿಕೆಯಲ್ಲಿ ಲೇತಿನವರ ಮಾತೇ ಸರಿಯೆಂದು ನಮಗೆ ತೋರಿತ್ತು. ಆದರೆ ಗೌಡರ ನೋವನ್ನು ಲೆಕ್ಕದಿಂದ ತೆಗೆದುಹಾಕಲು ಮನಸ್ಸು ಬರಲಿಲ್ಲ. ಊರು ಬಿಟ್ಟು ಬಂದವನಿಗೆ ಊರಿನ ಹೆಸರು ಹೊತ್ತ ಒಂದು ತಂಡವಿದ್ದರೆ, ಅದರಲ್ಲಿ ತನ್ನ ಭಾಷೆಯಾಡುವ ಒಂದು ಮುಖ ಕಂಡರೆ, ಪರಸ್ಥಳದಲ್ಲಿ ಅದು ಎಷ್ಟು ದೊಡ್ಡ ಆಸರೆಯೆಂಬುದು ಬೆಂಗಳೂರಿನಲ್ಲಿಯೇ ಕುಳಿತಿರುವವರಿಗೆ ಗೊತ್ತಾಗಲಾರದು. ತೊಡಕು ಇರುವುದು ‘ನಮ್ಮವನು’ ಎಂಬ ಮಾತಿನಲ್ಲಿ. ಪಡಿಕ್ಕಲ್ ಹುಟ್ಟಿದ್ದು ಕೇರಳದ ಎಡಪ್ಪಾಳಿನಲ್ಲಿ. ನಮ್ಮವನೆಂದು ನಾವೆಲ್ಲ ಕಣ್ಣೀರಿಟ್ಟ ಕರುಣ್ ನಾಯರ್ ಹುಟ್ಟಿದ್ದು ಜೋಧಪುರದಲ್ಲಿ. ಕರ್ನಾಟಕದ ತಂಡದಲ್ಲಿ ಸ್ಥಾನ ಸಿಗದೆ 2023ರಲ್ಲಿ ವಿದರ್ಭಕ್ಕೆ ಹೋದ. 2025ರ ಜನವರಿಯಲ್ಲಿ ವಿಜಯ ಹಜಾರೆ ಪಂದ್ಯಾವಳಿಯ ಅಂತಿಮ ಪಂದ್ಯಕ್ಕೆ ವಿದರ್ಭದ ನಾಯಕನಾಗಿ ಬಂದು ಕರ್ನಾಟಕದ ಎದುರೇ ನಿಂತ. ತಮಿಳುನಾಡಿನ ವರುಣ್ ಚಕ್ರವರ್ತಿಯೋ, ಹುಟ್ಟಿದ್ದು ನಮ್ಮ ಬೀದರಿನಲ್ಲಿ. ಇವರನ್ನೆಲ್ಲ ಗೆರೆ ಎಳೆದು ಈಚೆ ಆಚೆ ಮಾಡುವವನು ಕೊನೆಗೆ ನಮ್ಮ ದೊಡ್ಡಪ್ಪನವರನ್ನು ಯಾವ ಕಡೆ ಕೂರಿಸುತ್ತಾನೆ?

2025ರ ಆಟ ಮೊದಲಾದ ಮೇಲೆ ವಾದ ದಿನಕ್ಕೊಂದು ಬಣ್ಣ ತಾಳಿತು. ಮಾರ್ಚ್ 28ರಂದು ಚೆಪಾಕಿನಲ್ಲಿ ಬೆಂಗಳೂರು 50 ರನ್ನುಗಳಿಂದ ಗೆದ್ದಿತು. 2008ರ ನಂತರ ಆ ಮೈದಾನದಲ್ಲಿ ಮದರಾಸಿನ ತಂಡವನ್ನು ಸೋಲಿಸಿದ್ದು ಅದೇ ಮೊದಲು. ಗೌಡರು ಅಂದು ಎಲ್ಲರಿಗೂ ಪುಕ್ಕಟೆ ದಿಲ್‌ಪಸಂದ್ ಹಂಚಿದರು. ತಮಿಳು ಗೆಳೆಯರು ಸಕ್ಕರೆಯ ಕಾಯಿಲೆಯ ನೆಪ ಹೇಳಿದರು. ಆದರೆ ಏಪ್ರಿಲ್ 2ರಂದು ಸಿರಾಜ್ ಗುಜರಾತಿನ ಅಂಗಿ ತೊಟ್ಟು ಬೆಂಗಳೂರಿಗೇ ಬಂದು 19 ರನ್ನಿಗೆ ಮೂವರನ್ನು ಕೆಡವಿದ. ಏಪ್ರಿಲ್ 10ರಂದು ರಾಹುಲನ ಸರದಿ. ಅಜೇಯ 93 ರನ್ನು ಹೊಡೆದು ದೆಹಲಿಯನ್ನು ಗೆಲ್ಲಿಸಿ, ಬ್ಯಾಟಿನಿಂದ ನೆಲದ ಮೇಲೊಂದು ವೃತ್ತ ಎಳೆದು, ಅದರ ನಡುವೆ ಬ್ಯಾಟನ್ನು ಊರಿದ. ‘ಕಾಂತಾರ’ ಚಿತ್ರವನ್ನು ನೋಡಿದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಇದು ನನ್ನ ನೆಲ.

ಸಂಘದ ಭಾನುವಾರದ ಕನ್ನಡ ಪಾಠಕ್ಕೆ ಬರುವ ಹನ್ನೆರಡು ಮಕ್ಕಳಲ್ಲಿ ಗೌಡರ ಮಗಳೂ ಒಬ್ಬಳು. ನಾಲ್ಕನೆಯ ತರಗತಿ, ಒತ್ತಕ್ಷರಗಳಲ್ಲಿ ಎಡವುವುದಿಲ್ಲ, ಪ್ರಶ್ನೆ ಕೇಳುವುದರಲ್ಲಿ ತಂದೆಯ ಮಗಳು. ಆ ವಾರ ಅವಳು ಎದ್ದುನಿಂತು, “ಸಾರ್, ಬೆಂಗಳೂರನ್ನ ಸೋಲಿಸಿಬಿಟ್ಟು ಬೆಂಗಳೂರು ನನ್ನದು ಅಂತ ಅನ್ನಬಹುದಾ?” ಎಂದಳು. ನಾವು ಉತ್ತರ ಹುಡುಕುತ್ತಿದ್ದಂತೆ ದೊಡ್ಡಪ್ಪನವರ ಮೊಮ್ಮಗ ಹಿಂದಿನ ಸಾಲಿನಿಂದ, “ಯಾಕನ್ನಬಾರದು? ನಾವು ಇಲ್ಲಿ ಇದ್ದುಕೊಂಡು ಆ ಊರ ಮಾತು ನಮ್ಮದು ಅನ್ನಲ್ವಾ?” ಎಂದ. ತರಗತಿಯಲ್ಲಿ ಸ್ವಲ್ಪ ಹೊತ್ತು ಗದ್ದಲವಾಯಿತು. ಆ ದಿನ ನಾವು ವಿಭಕ್ತಿ ಪ್ರತ್ಯಯಗಳ ಪಾಠ ಮಾಡಬೇಕೆಂದಿದ್ದೆವು. ಷಷ್ಠಿಯ ಹತ್ತಿರ ಬರುವುದರೊಳಗೆ ಗಂಟೆಯಾಯಿತು.

ಲೇತಿನವರ ಲೆಕ್ಕ ಮೇ ತಿಂಗಳ ಹೊತ್ತಿಗೆ ನಿಜವಾಗುತ್ತ ಬಂತು. ತಂಡ ತನ್ನ ಊರಿನಲ್ಲಿ ಮೊದಲ ಮೂರು ಪಂದ್ಯಗಳನ್ನೂ ಸೋತಿತ್ತು. ಪರಊರುಗಳಲ್ಲಿ ಏಳಕ್ಕೆ ಏಳನ್ನೂ ಗೆದ್ದಿತು. ಹಿಂದೆ ಯಾವ ತಂಡವೂ ಹೀಗೆ ಗೆದ್ದುದಿಲ್ಲ. ಹೊರನಾಡ ಕನ್ನಡಿಗರಿಗೆ ಇದಕ್ಕಿಂತ ಹೆಚ್ಚಿನ ಪ್ರೋತ್ಸಾಹ ಬೇಕೆ ಎಂದು ನಾವು ನಗೆಯಾಡಿದ್ದುಂಟು. ಆಚೆ ಬೀದಿಯವನೆಂದು ಗೌಡರು ಜರೆದಿದ್ದ ಕೃಣಾಲ್ ಪಾಂಡ್ಯ, ಏಪ್ರಿಲ್ 27ರಂದು ರಾಹುಲನ ದೆಹಲಿಯನ್ನು ದೆಹಲಿಯಲ್ಲಿಯೇ ಅಜೇಯ 73 ರನ್ನು ಹೊಡೆದು ಮಣಿಸಿದ.

ಆದರೆ ಲೆಕ್ಕಕ್ಕೆ ಸಿಕ್ಕದ ಸಂಗತಿಗಳೂ ಇದ್ದವು. ನಮ್ಮ ಮನಸ್ಸು ಹೆಚ್ಚು ನಿಂತದ್ದು ಅಲ್ಲಿ. ತಂಡದ ನಾಯಕ ಪಾಟೀದಾರನ ವಿಚಾರ ನೋಡಿ. ಇಂದೂರಿನವನು. 2022ರ ಹರಾಜಿನಲ್ಲಿ ಅವನನ್ನು ಯಾರೂ ಕೇಳಲಿಲ್ಲ. ಆಟ ಮೊದಲಾದ ಮೇಲೆ ಕರ್ನಾಟಕದ ಲವನೀತ್ ಸಿಸೋಡಿಯ ಗಾಯಗೊಂಡು ಹೊರಗುಳಿದುದರಿಂದ, ಆ ತೆರವಿಗೆ 20 ಲಕ್ಷಕ್ಕೆ ಅವನನ್ನು ಕರೆಸಿದರು. ಮೇಷ್ಟ್ರೊಬ್ಬರು ದೀರ್ಘ ರಜೆ ಹಾಕಿದಾಗ ಮೂರು ತಿಂಗಳ ಮಟ್ಟಿಗೆ ಬರುವ ತಾತ್ಕಾಲಿಕ ಶಿಕ್ಷಕನಂತೆ. ಬಂದವನು ಆ ವರ್ಷದ ಮೇ 25ರಂದು ಕಲಕತ್ತೆಯಲ್ಲಿ 54 ಚೆಂಡುಗಳಿಗೆ ಅಜೇಯ 112 ಹೊಡೆದ. 2011ರಲ್ಲಿ ಕ್ರಿಸ್ ಗೇಲ್ ಬಂದದ್ದೂ ಹೀಗೆಯೇ. ಹರಾಜಿನಲ್ಲಿ ಕೊಳ್ಳುವವರಿಲ್ಲದೆ, ಇನ್ನೊಬ್ಬನ ಬದಲಿಗೆ. ಮೊದಲ ಆಟದಲ್ಲಿಯೇ ನೂರು ಹೊಡೆದ. ಮತ್ತೆ 2025ರ ಮೇ ತಿಂಗಳಲ್ಲಿ ಪಡಿಕ್ಕಲ್ ಗಾಯಗೊಂಡಾಗ, ಹರಾಜಿನಲ್ಲಿ ಉಳಿದುಹೋಗಿದ್ದ ನಮ್ಮ ಮಾಯಾಂಕ್ ಅಗರ್‌ವಾಲ್ 1 ಕೋಟಿಗೆ ಬಂದ. ಗೌಡರ ಬಾಯಲ್ಲಿ ಅಂದು ಹಲ್ಲೆಲ್ಲ ಕಾಣಿಸಿದವು. ಲಖನೌದಲ್ಲಿ ಕೊನೆಯ ಲೀಗ್ ಪಂದ್ಯವನ್ನು ಜಿತೇಶ್ ಶರ್ಮನೊಡನೆ ನಿಂತು ಗೆಲ್ಲಿಸಿಕೊಟ್ಟವರಲ್ಲಿ ಅವನೂ ಒಬ್ಬ. ವರ್ಷಾರಂಭದ ನಿಯುಕ್ತಿಯ ಪಟ್ಟಿಯಲ್ಲಿ ಹೆಸರಿಲ್ಲದವರೇ ಎಷ್ಟೋ ಶಾಲೆಗಳನ್ನು ನಡೆಸುತ್ತಿದ್ದಾರೆಂಬುದನ್ನು ನಮ್ಮ ವೃತ್ತಿಬಾಂಧವರಿಗೆ ನಾವು ಹೇಳಬೇಕಾಗಿಲ್ಲ.

ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬಿನೆದುರು ಅಂತಿಮ ಪಂದ್ಯ. ಬೆಂಗಳೂರು 190, ಪಂಜಾಬ್ 184. 2009ರಲ್ಲಿ ಕಪ್ಪು ಕೈತಪ್ಪಿದ್ದೂ ಆರೇ ರನ್ನಿಗೆ. ಸಿಕ್ಕಿದ್ದೂ ಆರೇ ರನ್ನಿಗೆ. ನಾಲ್ಕು ಓವರಿನಲ್ಲಿ 17 ರನ್ನಿತ್ತು ಇಬ್ಬರನ್ನು ಕೆಡವಿದ ಕೃಣಾಲನೇ ಪಂದ್ಯದ ವೀರ. ಎದುರಾಳಿಯ ಕಡೆ ಚೆಂಡೆಸೆದವರಲ್ಲಿ ನಮ್ಮ ಬೆಂಗಳೂರಿನ ವೈಶಾಖ್ ವಿಜಯಕುಮಾರನೂ ಇದ್ದ. ಹಿಂದಿನ ವರ್ಷದವರೆಗೆ ಅವನು ಈ ಅಂಗಿಯಲ್ಲಿಯೇ ಇದ್ದವನು. ಅವನು ಚೆಂಡೆಸೆಯಲು ಬಂದಾಗಲೆಲ್ಲ ಗೌಡರು ಏನೂ ಹೇಳದೆ ಮೀಸೆ ತಿರುವುತ್ತಿದ್ದರು. ಕೊನೆಯ ಚೆಂಡು ಬಿದ್ದಾಗ ರಾತ್ರಿ ಹನ್ನೊಂದು ಗಂಟೆ ದಾಟಿತ್ತು. ಗೌಡರು ಅತ್ತರು. ಹದಿನೆಂಟು ವರ್ಷದ ದುಃಖವಲ್ಲವೇ?

ಮರುದಿನ ಸಂಜೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ, ವಿಜಯೋತ್ಸವ ನೋಡಲು ಬಂದವರ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಹದಿಹರೆಯದವರೂ ಇದ್ದರು. ಗೌಡರು ಟೆಲಿವಿಷನ್ನನ್ನು ಆರಿಸಿದರು. ಅಂದು ಮಂಡಲಿಯಲ್ಲಿ ಯಾರೂ ವಾದಿಸಲಿಲ್ಲ. ತಮಿಳು ಗೆಳೆಯರು ಗೌಡರ ಹೆಗಲ ಮೇಲೆ ಕೈಯಿಟ್ಟು ಬಹಳ ಹೊತ್ತು ನಿಂತಿದ್ದರು. ಸುಮಾರು ಒಂದು ತಿಂಗಳ ಕಾಲ ಬೇಕರಿಯಲ್ಲಿ ಕ್ರಿಕೆಟ್ಟಿನ ಸೊಲ್ಲೇ ಏಳಲಿಲ್ಲ.

ಆ ತಿಂಗಳಿನಲ್ಲಿಯೇ ಗೌಡರ ಮಗಳು ಭಾನುವಾರದ ಪಾಠಕ್ಕೆ ಬರುವುದನ್ನು ನಿಲ್ಲಿಸಿದಳು. ಎರಡು ವಾರ ನೋಡಿ ನಾವು ವಿಚಾರಿಸಿದೆವು. ಭಾನುವಾರ ಬೆಳಿಗ್ಗೆ ಅವಳನ್ನು ಅಬಾಕಸ್ ಎಂಬ ಮಣಿಲೆಕ್ಕದ ತರಗತಿಗೆ ಸೇರಿಸಿದ್ದರು. ಇಂಗ್ಲಿಷಿನಲ್ಲಿ ಕಲಿಸುತ್ತಾರಂತೆ, ಸ್ಪರ್ಧೆಗಳಿವೆಯಂತೆ, ಬಹುಮಾನಗಳಿವೆಯಂತೆ. ಗೌಡರು ಬ್ರೆಡ್ಡು ಕೊಯ್ಯುತ್ತ, ನಮ್ಮ ಮುಖ ನೋಡದೆ ಹೇಳಿದರು: “ನೀವು ಬೇಜಾರ್ ಮಾಡ್ಕಬೇಡಿ ಮೇಷ್ಟ್ರೇ. ರಾಹುಲ ಯಾಕೋದ? ಅಲ್ಲಿ ಜಾಸ್ತಿ ಕೊಟ್ರು, ಹೋದ. ಹಂಗಂತ ಬೆಂಗಳೂರ ಮರೆತನಾ? ಕನ್ನಡ ಮನೇಲೈತಲ್ಲ, ಎಲ್ಲಿಗೋಯ್ತದೆ?”

ಉತ್ತರ ಕೊಡಬಹುದಾಗಿತ್ತು. ಮನೆಯ ಮಾತಿಗೂ ಓದುಬರಹಕ್ಕೂ ಇರುವ ಅಂತರವನ್ನು ಹೇಳಬಹುದಾಗಿತ್ತು. ದೊಡ್ಡಪ್ಪನವರು ಅಲ್ಲಿಯೇ ಕುಳಿತಿದ್ದರು. ಅವರ ಮನೆಯಲ್ಲಿ ಕನ್ನಡ ಅಷ್ಟು ತಲೆಮಾರು ಉಳಿದಿದೆ. ಆದರೆ ಅವರಿಗೆ ಕನ್ನಡದ ಒಂದಕ್ಷರವೂ ಓದಲು ಬಾರದು. ಬೇಕರಿಯ ಗೋಡೆಯ ಮೇಲೆ ಗೌಡರು ಕನ್ನಡದಲ್ಲಿ ಬರೆಸಿರುವ ದೇವರ ಹೆಸರನ್ನು ಅವರು ನಮ್ಮಿಂದ ಕೇಳಿ ತಿಳಿದವರು. ನಾವು ಬನ್ನಿನ ಹಣ ಕೊಟ್ಟು ಮನೆಗೆ ಬಂದೆವು. ತನ್ನ ಮಗು ನಾಳೆ ಎಲ್ಲಿ ಬದುಕಬೇಕೆಂಬ ಚಿಂತೆಯಿಂದ ತಂದೆಯೊಬ್ಬ ಕೂಗುವ ಬೆಲೆಗೆ ಸರಿಹೊಂದಿಸುವಷ್ಟು ಥೈಲಿ ಸಂಘದ ಭಾನುವಾರದ ಪಾಠದಲ್ಲಿಲ್ಲ. ಹುಡುಗಿಯ ಪುಸ್ತಕ ನಮ್ಮಲ್ಲಿಯೇ ಉಳಿದಿದೆ. ಕೊನೆಯ ಪುಟದಲ್ಲಿ ಅವಳು ಒಂದು ವೃತ್ತ ಬರೆದು, ನಡುವೆ ಬ್ಯಾಟನ್ನು ನಿಲ್ಲಿಸಿ, ಕೆಳಗೆ ದುಂಡಕ್ಷರಗಳಲ್ಲಿ ತನ್ನ ಹೆಸರು ಬರೆದಿದ್ದಾಳೆ. ಈಗ ಮಕ್ಕಳು ಹನ್ನೊಂದು. ಒಂದು ತಂಡಕ್ಕೆ ಸಾಕು ಎಂದು ಸಂಘದ ಕಾರ್ಯದರ್ಶಿಗಳು ನಗಿಸಲು ನೋಡಿದರು.

2025ರ ನವೆಂಬರಿನಲ್ಲಿ ಮತ್ತೆ ಕೊಳ್ಳುಕೊಡೆಯ ಕಾಲ ಬಂತು. ಮದರಾಸಿನವರು ರವೀಂದ್ರ ಜಡೇಜನನ್ನೂ ಸ್ಯಾಮ್ ಕರನನನ್ನೂ ರಾಜಸ್ಥಾನಕ್ಕೆ ಕೊಟ್ಟು, ಅಲ್ಲಿಂದ ಸಂಜು ಸ್ಯಾಮ್ಸನನನ್ನು ತಂದುಕೊಂಡರು. ಸ್ಯಾಮ್ಸನನಿಗೆ 18 ಕೋಟಿ, ಜಡೇಜನಿಗೆ 14. ಹನ್ನೆರಡು ಆವೃತ್ತಿಗಳಲ್ಲಿ ಹಳದಿ ಅಂಗಿ ತೊಟ್ಟವನು ಜಡೇಜ. 2023ರ ಅಂತಿಮ ಪಂದ್ಯದಲ್ಲಿ ಕೊನೆಯ ಎರಡು ಚೆಂಡುಗಳಿಗೆ ಒಂದು ಆರು, ಒಂದು ನಾಲ್ಕು ಹೊಡೆದು ಕಪ್ಪು ತಂದುಕೊಟ್ಟವನು. ಸುದ್ದಿ ಬಂದ ಸಂಜೆ ತಮಿಳು ಗೆಳೆಯರು ಬೇಕರಿಗೆ ಬಂದು, ಯಾರೊಡನೆಯೂ ಮಾತನಾಡದೆ, ಚಹಾದ ಲೋಟವನ್ನು ಕೈಯಲ್ಲಿ ತಿರುಗಿಸುತ್ತ ಕುಳಿತರು. ಕುಟುಂಬದ ಮಾತನ್ನು ಯಾರೂ ಎತ್ತಲಿಲ್ಲ. ಗೌಡರಿಗೆ ಅದು ನೆನಪಿರಲಿಲ್ಲವೆಂದಲ್ಲ.

ದೊಡ್ಡಪ್ಪನವರೇ ಮೆಲ್ಲಗೆ ತಮಿಳಿನಲ್ಲಿ ಕೇಳಿದರು: “ಅವನನ್ನು ಕೇಳಿದರಂತೆಯೇ?”

“ಕೇಳಿದರಂತೆ, ಅಯ್ಯಾ. ಒಪ್ಪಿದನಂತೆ.”

ದೊಡ್ಡಪ್ಪನವರು ತಲೆದೂಗಿದರು. ಗೌಡರು ಗೆಳೆಯರಿಂದ ಅಂದು ಚಹಾದ ಹಣ ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಲೇತಿನವರು ಬೆಂಗಳೂರಿನವರ ಹೊಸ ಪಟ್ಟಿಯನ್ನು ತಂದರು. ಬಿಟ್ಟವರಲ್ಲಿ 8 ಕೋಟಿ 75 ಲಕ್ಷದ ಲಿವಿಂಗ್‌ಸ್ಟನ್ ಇದ್ದ, ಮಾಯಾಂಕನೂ ಇದ್ದ. ಡಿಸೆಂಬರ್ 16ಕ್ಕೆ ಅಬುಧಾಬಿಯಲ್ಲಿ ಹರಾಜು. ಥೈಲಿಯಲ್ಲಿ ಉಳಿದದ್ದು 16 ಕೋಟಿ 40 ಲಕ್ಷ. “ಮಾಯಾಂಕನ್ನ ಬಿಟ್ರಾ!” ಎಂದು ಗೌಡರು ಬ್ರೆಡ್ಡು ಸುತ್ತುವ ಕಾಗದದ ಒಂದು ಹಾಳೆಯನ್ನು ಹರಿದು ಗಲ್ಲಾದ ಮೇಲೆ ಹರಡಿ, ನಮ್ಮ ಜೇಬಿನಲ್ಲಿದ್ದ ಪೆನ್ನನ್ನು ಕೇಳಿದರು.